ಉದ್ರಿ ಪಡೆದ ಗ್ರಾಹಕರು ದಿವಾಳಿಯಾಗುವ ಮುನ್ನ

ಆರ್ಥಿಕ ಹಿಂಜರಿತದ ನಡುವೆ ಹಳೆಯ ಗ್ರಾಹಕರೊಬ್ಬರಿಂದ ಏಕಾಏಕಿ ದೊಡ್ಡ ಆರ್ಡರ್ ಬಂದರೆ ಮೊದಲು ವಿಚಾರಿಸಿ. ಮಾರುಕಟ್ಟೆಯೇ ಕುಗ್ಗುತ್ತಿರುವಾಗ ಅವರ ಖರೀದಿ ಮಾತ್ರ ಏಕೆ ಏರಿತು? ಉಳಿದ ಪೂರೈಕೆದಾರರು ಉದ್ರಿ ನಿಲ್ಲಿಸಿ, ಕೊಡುವವರು ನೀವೊಬ್ಬರೇ ಉಳಿದಿರಬಹುದು. ಮಾರಾಟ ವಿಭಾಗ ಖುಷಿಪಡುವ ಆ ತಿಂಗಳಲ್ಲೇ ದೊಡ್ಡ ನಷ್ಟ ಹುಟ್ಟುತ್ತದೆ.

ನಿವ್ವಳ ಲಾಭ ಶೇ 5 ಇರುವ ವ್ಯಾಪಾರದಲ್ಲಿ 1 ಲಕ್ಷ ಮುಳುಗಿದರೆ, ಅದನ್ನು ತುಂಬಿಕೊಳ್ಳಲು 20 ಲಕ್ಷದ ಹೊಸ ಮಾರಾಟ ಬೇಕು. ಆದ್ದರಿಂದ ಯಾರ ಬಳಿ ಎಷ್ಟು ಸಿಕ್ಕಿಕೊಂಡಿದೆ ಎಂಬುದನ್ನು ವಾರಕ್ಕೊಮ್ಮೆ ನೋಡಲೇಬೇಕು. ಕಳೆದ 90 ದಿನಗಳಲ್ಲಿ 6 ಲಕ್ಷದ ಸರಕು ಹೋಗಿ, 5 ಲಕ್ಷ ಬಾಕಿ ಉಳಿದಿದೆ ಎನ್ನಿ. 5ನ್ನು 6ರಿಂದ ಭಾಗಿಸಿ 90ರಿಂದ ಗುಣಿಸಿದರೆ 75: ಅಂದರೆ 75 ದಿನಗಳ ಮಾರಾಟದ ಹಣ ಅವರ ಬಳಿ ಸಿಕ್ಕಿಕೊಂಡಿದೆ. ಒಪ್ಪಂದದ ಗಡುವು 30 ದಿನವಾದರೆ ಬಾಕಿ 2 ಲಕ್ಷ ದಾಟಬಾರದಿತ್ತು. ಯಾರೂ ತೀರ್ಮಾನಿಸದೆಯೇ ಅದು 5 ಲಕ್ಷಕ್ಕೆ ಬೆಳೆದಿದೆ. ಆ ಗ್ರಾಹಕರಿಗಾಗಿಯೇ ತಯಾರಾಗುತ್ತಿರುವ, ಬೇರೆಯವರಿಗೆ ಮಾರಲಾಗದ ಸರಕನ್ನೂ ಇದಕ್ಕೆ ಕೂಡಿಸಿ. ಬಾಕಿ ಪಟ್ಟಿಯಲ್ಲಿ ಅದು ಕಾಣುವುದಿಲ್ಲ.

ಇನ್‌ವಾಯ್ಸ್‌ಗೆ ಸರಿಯಾಗಿ ಪಾವತಿಸುತ್ತಿದ್ದವರು ದುಂಡು ಮೊತ್ತದ ಕಂತು ಕಳಿಸತೊಡಗಿದರೆ ಎಚ್ಚರಗೊಳ್ಳಿ. ಗಡುವು ಮೀರಿದ ಮೇಲೆ ಗುಣಮಟ್ಟದ ತಕರಾರು ತೆಗೆಯುವುದು ಇನ್ನೂ ಗಂಭೀರ ಲಕ್ಷಣ. ಸಹಿಯಾದ ಡೆಲಿವರಿ ಚಲನ್ ಕೈಯಲ್ಲಿಲ್ಲದಿದ್ದರೆ ಆ ತಕರಾರಿಗೆ ಉತ್ತರವೇ ಇರುವುದಿಲ್ಲ. ಚಲನ್ ಜೊತೆಗೆ, ಮೂರು ತಿಂಗಳಿಗೊಮ್ಮೆ ಬಾಕಿ ಒಪ್ಪಿಗೆ ಪತ್ರಕ್ಕೆ ಸಹಿ ಪಡೆಯುತ್ತಿರಿ.

ಪೂರೈಕೆಯನ್ನು ಒಮ್ಮೆಲೇ ಕಡಿದರೆ ಹಳೆಯ ಬಾಕಿ ಅಲ್ಲೇ ಸಿಕ್ಕಿಕೊಳ್ಳಬಹುದು. ಹೊಸ ಸರಕಿಗೆ ಮುಂಗಡ ಹಣ, ಜೊತೆಗೆ ಪ್ರತಿ ಆರ್ಡರ್‌ಗೂ ಹಳೆಯ ಬಾಕಿಯ ಶೇ 10 ಎಂಬ ಷರತ್ತು ಉತ್ತಮ: ಅವರ ವ್ಯಾಪಾರ ನಡೆಯುತ್ತದೆ, ನಿಮ್ಮ ಬಾಕಿ ಇಳಿಯುತ್ತದೆ. ಆ ಗ್ರಾಹಕರಿಗೆ ನಿಗದಿಪಡಿಸಿದ ಉದ್ರಿ ಮಿತಿ ಮೀರಿದ ಆರ್ಡರನ್ನು ಬಿಲ್ಲಿಂಗ್ ಸಾಫ್ಟ್‌ವೇರ್ ತಾನಾಗಿ ತಡೆಯಬೇಕು. ಅದನ್ನು ಸಡಿಲಿಸುವ ಅಧಿಕಾರ ಕಮಿಷನ್ ಮೇಲೆ ದುಡಿಯುವ ಮಾರಾಟಗಾರರಿಗೆ ಬೇಡವೇ ಬೇಡ.

ಗ್ರಾಹಕರು ಕೊಡದಿದ್ದರೆ ತಾನೇ ಕೊಡುವೆನೆಂದು ಅವರ ಬ್ಯಾಂಕ್ ಬರೆದುಕೊಡುವ ಬ್ಯಾಂಕ್ ಗ್ಯಾರಂಟಿ ಒಳ್ಳೆಯ ಭದ್ರತೆ. ಆದರೆ ಅದರ ಅವಧಿ ಕೊನೆಯ ಇನ್‌ವಾಯ್ಸ್‌ನ ಗಡುವಿನ ಆಚೆಗೂ ಇರಬೇಕು. ಗಡುವಿನ ದಿನವೇ ಮುಗಿಯುವ ಗ್ಯಾರಂಟಿ ಕ್ಲೇಮ್ ಮಾಡುವ ಹೊತ್ತಿಗೆ ಸತ್ತಿರುತ್ತದೆ. ಹಣ ಪೂರ್ತಿ ಬರುವವರೆಗೆ ಸರಕಿನ ಒಡೆತನ ಮಾರಿದವರದೇ ಎಂಬ ಷರತ್ತನ್ನು ಸರಕು ಕಳಿಸುವ ಮೊದಲೇ ಒಪ್ಪಂದದಲ್ಲಿ ಸೇರಿಸಿ. ಕೆಲವು ದೇಶಗಳಲ್ಲಿ ಅದನ್ನು ನೋಂದಾಯಿಸಬೇಕು. ಸರಕಿನ ಮೇಲೆ ಬ್ಯಾಚ್ ಸಂಖ್ಯೆ ಇರಲಿ. ಉಕ್ಕು ಕರಗಿ, ಹಿಟ್ಟು ಬೆರೆತು ಹೋದ ಮೇಲೆ ನಿಮ್ಮದು ಯಾವುದೆಂದು ತೋರಿಸುವುದು ಕಷ್ಟ.

ಗ್ರಾಹಕರ ಬಾಕಿ ಮುಳುಗಿದರೆ ತುಂಬಿಕೊಡುವ ಉದ್ರಿ ವಿಮೆಯ ಬಗ್ಗೆ ತಪ್ಪು ಭರವಸೆ ಹೆಚ್ಚು. ಅದು ಸಾಮಾನ್ಯವಾಗಿ ನಷ್ಟದ ಶೇ 85ರಿಂದ 90ರಷ್ಟನ್ನು ಮಾತ್ರ ತುಂಬುತ್ತದೆ. ಗಡುವು ಮೀರಿದ್ದನ್ನು ಪಾಲಿಸಿಯಲ್ಲಿ ಹೇಳಿದಷ್ಟು ದಿನಗಳೊಳಗೆ ತಿಳಿಸದೆ ಸರಕು ಕಳಿಸುತ್ತಲೇ ಇದ್ದರೆ ಕ್ಲೇಮ್ ತಿರಸ್ಕೃತವಾಗಬಹುದು. ತಕರಾರಿನಲ್ಲಿರುವ ಇನ್‌ವಾಯ್ಸ್‌ಗೆ ಅದು ಇತ್ಯರ್ಥವಾಗುವವರೆಗೆ ಹಣ ಸಿಗುವುದಿಲ್ಲ. ಇನ್ನೂ ದೊಡ್ಡ ತೊಡಕೆಂದರೆ, ಹಿಂಜರಿತದಲ್ಲಿ ವಿಮಾ ಕಂಪನಿಗಳೇ ಒಬ್ಬೊಬ್ಬ ಗ್ರಾಹಕರಿಗೆ ಒಪ್ಪಿಕೊಂಡ ವಿಮೆಯ ಮಿತಿ ಇಳಿಸುತ್ತವೆ. 2008ರ ಬಿಕ್ಕಟ್ಟಿನ ಬಳಿಕ ಇದು ಎಷ್ಟು ಕಾಡಿತೆಂದರೆ, 2009ರಲ್ಲಿ ಬ್ರಿಟನ್ ಸರ್ಕಾರವೇ ಪೂರಕ ಉದ್ರಿ ವಿಮಾ ಯೋಜನೆ ತಂದಿತು. ಮಿತಿ ಇಳಿದರೆ ಅದು ಸಾಮಾನ್ಯವಾಗಿ ಮುಂದೆ ಕಳಿಸುವ ಸರಕಿಗೆ ಅನ್ವಯ. ಆದ್ದರಿಂದ ವಿಮಾ ಕಂಪನಿಯ ಇಮೇಲ್ ಬಂದ ದಿನವೇ ಗೋದಾಮಿಗೆ ಸುದ್ದಿ ಮುಟ್ಟಬೇಕು.

ದಿವಾಳಿ ಅರ್ಜಿ ದಾಖಲಾದರೆ ದಾರಿಯಲ್ಲಿರುವ ಲಾರಿಯನ್ನು ಕಾನೂನು ಒಪ್ಪುವ ಕಡೆ ತಕ್ಷಣ ತಡೆಯಿರಿ, ಬಳಿಕ ವಕೀಲರನ್ನು ಕಾಣಿ. ಅಡಮಾನ ಪಡೆದ ಸಾಲದಾತರ ಪಾಲು ಮೊದಲು, ಭದ್ರತೆಯಿಲ್ಲದ ಪೂರೈಕೆದಾರರ ಸರದಿ ತೀರಾ ಹಿಂದೆ. ಕೊನೆಯ ದಿನಗಳಲ್ಲಿ ಒತ್ತಡ ಹಾಕಿ ವಸೂಲಿ ಮಾಡಿದ ಹಣವನ್ನೂ ಹಿಂದಿರುಗಿಸಬೇಕಾಗಿ ಬರಬಹುದು. ಅಮೆರಿಕದಲ್ಲಿ ಅರ್ಜಿಗೆ ಹಿಂದಿನ 90 ದಿನಗಳ ಪಾವತಿಗಳು ಈ ಪರಿಶೀಲನೆಗೆ ಬರುತ್ತವೆ. ಹಕ್ಕು ಸಲ್ಲಿಸುವ ಕೊನೆಯ ದಿನಾಂಕವನ್ನು ಗುರುತು ಹಾಕಿಕೊಂಡು, ಇನ್‌ವಾಯ್ಸ್, ಚಲನ್, ಬಾಕಿ ಒಪ್ಪಿಗೆ ಪತ್ರಗಳನ್ನು ಲಗತ್ತಿಸಿ ಅದಕ್ಕಿಂತ ಮೊದಲೇ ಸಲ್ಲಿಸಿ.