ಆಸ್ಪತ್ರೆ ತೆರೆದಿತ್ತು, ಸ್ಕ್ಯಾನಿಂಗ್ ಯಾಕೆ ಮುಂದಕ್ಕೆ ಹೋಯಿತು?

ಪ್ರಶ್ನೆ: 2020ರ ಲಾಕ್‌ಡೌನ್‌ನಲ್ಲಿ ಆಸ್ಪತ್ರೆಗಳಿಗೆ ವಿನಾಯಿತಿ ಇತ್ತು. ಆದರೂ ಸ್ಕ್ಯಾನಿಂಗ್‌ಗೆ ಹೋದವರನ್ನು ‘ಆಮೇಲೆ ಬನ್ನಿ’ ಎಂದು ವಾಪಸ್ ಕಳಿಸಿದ್ದೇಕೆ? ಮೆಷಿನ್‌ಗೇನು ಕೊರೋನಾ ಬರುತ್ತಿತ್ತೇ?

ಉತ್ತರ: ಮೆಷಿನ್‌ಗೆ ಬರುವುದಿಲ್ಲ, ಅದಿರುವ ಕೋಣೆಯ ಗಾಳಿಯಲ್ಲಿ ಉಳಿಯುತ್ತದೆ. ಸಿಟಿ ಸ್ಕ್ಯಾನ್ ಕೋಣೆ ಎಂದರೆ ಎಸಿ ಹಾಕಿ ಬಾಗಿಲು ಜಡಿದ ಪೆಟ್ಟಿಗೆ. ಎದೆಯ ಚಿತ್ರ ತೆಗೆಯಲು ಕೆಲವೇ ಸೆಕೆಂಡು ಸಾಕು. ಆದರೆ ಕೋವಿಡ್ ಶಂಕೆಯ ಒಬ್ಬರು ಮಲಗಿ ಎದ್ದು ಹೋದರೆ ಟೇಬಲ್ಲು, ಗ್ಯಾಂಟ್ರಿ (ಮೆಷಿನ್‌ನ ದುಂಡನೆಯ ಬಳೆ) ಎಲ್ಲ ಒರೆಸಿ, ಗಾಳಿ ಬದಲಾಗುವವರೆಗೆ ಅರ್ಧ ಗಂಟೆಯೋ ಒಂದು ಗಂಟೆಯೋ ಕೋಣೆ ಖಾಲಿ ಬಿಡಬೇಕಿತ್ತು. ಕಾಯುವ ಹಾಲ್‌ನಲ್ಲಿ ಒಂದು ಕುರ್ಚಿ ಬಿಟ್ಟು ಒಂದು. ಹೀಗಿರುವಾಗ ಡಾಕ್ಟರು ತುರ್ತಿನ ಚೀಟಿಗಳನ್ನಷ್ಟೇ ಇಟ್ಟುಕೊಂಡು ಉಳಿದವನ್ನು ಮುಂದೆ ಹಾಕಿದರು. ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯು 108 ದೇಶಗಳ 909 ಕೇಂದ್ರಗಳನ್ನು ಕೇಳಿ ನೋಡಿತು: 2019ರ ಮಾರ್ಚ್‌ಗೆ ಹೋಲಿಸಿದರೆ 2020ರ ಏಪ್ರಿಲ್‌ನಲ್ಲಿ ಹೃದಯದ ಪರೀಕ್ಷೆಗಳು ಶೇ 64ರಷ್ಟು ಇಳಿದಿದ್ದವು. (ಮರುವರ್ಷ ಎರಡನೇ ಅಲೆಯಲ್ಲಿ ಇದೇ ಸಿಟಿ ಸ್ಕ್ಯಾನ್‌ಗೆ ಜನ ಮುಗಿಬಿದ್ದರು. ‘25ಕ್ಕೆ ಎಷ್ಟು ಬಂತು?’ ಎಂದು ಎಸ್ಸೆಸ್ಸೆಲ್ಸಿ ಮಾರ್ಕ್ಸ್‌ನಂತೆ ಶ್ವಾಸಕೋಶದ ಸೋಂಕಿನ ಸ್ಕೋರ್ ವಿಚಾರಿಸುತ್ತಿದ್ದುದು ನೆನಪಿರಬಹುದು.)

ಬೋನ್ ಸ್ಕ್ಯಾನ್‌ನ ಪಾಡು ಬೇರೆ. ಅದಕ್ಕೆ ಮೈಗೆ ಚುಚ್ಚಬೇಕಾದ ಟೆಕ್ನೀಷಿಯಂ ಎಂಬ ವಿಕಿರಣ ಸೂಸುವ ಮದ್ದು ಆರೇ ಗಂಟೆಯಲ್ಲಿ ಅರ್ಧವಾಗುತ್ತದೆ. ಅದನ್ನು ಹೆರುವ ಮಾಲಿಬ್ಡಿನಮ್-99 ಕೂಡ 66 ಗಂಟೆಗೆ ಅರ್ಧ. ಕೊತ್ತಂಬರಿ ಸೊಪ್ಪಿನಂತೆ, ಬಾಡುವ ಮುಂಚೆ ಬಳಸಬೇಕು, ದಾಸ್ತಾನು ಮಾಡುವಂತಿಲ್ಲ. ನಮಗೆ ಅದು ಬಹುಪಾಲು ಹೊರದೇಶದ ರಿಯಾಕ್ಟರ್‌ಗಳಿಂದ ವಿಮಾನದಲ್ಲಿ ಬರಬೇಕು. ಮಾರ್ಚ್ ಕೊನೆಗೆ ಪ್ರಯಾಣಿಕರ ವಿಮಾನಗಳೇ ನಿಂತವು. ಕ್ಯಾಮೆರಾ ಸರಿಯಿದ್ದೂ ಚುಚ್ಚಲು ಮದ್ದಿಲ್ಲ.

ನನ್ನನ್ನು ಕೇಳಿದರೆ, ‘ಆಮೇಲೆ ಬನ್ನಿ’ ಎಂಬ ಮಾತು ಎಲ್ಲ ಸ್ಕ್ಯಾನಿಗೂ ಒಂದೇ ಅಲ್ಲ. ಹಳೆಯ ಮಂಡಿ ನೋವಿನ ಎಂಆರ್‌ಐ ಎರಡು ತಿಂಗಳು ತಡವಾದರೆ ನೋವು ತಿನ್ನಬೇಕಾಗುತ್ತದೆ, ಅಷ್ಟೆ. ಬಸುರಿಯ ಅನಾಮಲಿ ಸ್ಕ್ಯಾನ್ ಹಾಗಲ್ಲ. ಮಗುವಿನ ಹೃದಯ, ಬೆನ್ನುಹುರಿ, ಮೂತ್ರಪಿಂಡ ನೋಡುವ ಈ ಪರೀಕ್ಷೆ ಸಾಮಾನ್ಯವಾಗಿ 18ರಿಂದ 20ನೇ ವಾರದಲ್ಲಿ ಆಗಬೇಕು. ಆಗಿನ ಕಾನೂನಿನಲ್ಲಿ ಗರ್ಭಪಾತಕ್ಕಿದ್ದ ಗಡಿಯೂ 20 ವಾರವೇ. ಮೊದಲ ಲಾಕ್‌ಡೌನ್ 21 ದಿನ, ಅಂದರೆ ಮೂರು ವಾರ. ಮಾರ್ಚ್ 25ಕ್ಕೆ 18 ವಾರ ತುಂಬಿದ್ದ ಹಳ್ಳಿಯ ಹೆಣ್ಣುಮಗಳಿಗೆ ತಾಲ್ಲೂಕಿನ ಸ್ಕ್ಯಾನಿಂಗ್ ಸೆಂಟರ್‌ಗೆ ಹೋಗಲು ಬಸ್ಸಿಲ್ಲ, ಲಾಕ್‌ಡೌನ್ ಗಡುವು ಮುಗಿಯುವಾಗ ಆಕೆಗೆ 21 ವಾರ. ದೋಷವಿದೆ ಎಂದು ಆಗ ಗೊತ್ತಾದರೂ ಉಳಿದ ದಾರಿ ಕೋರ್ಟಿನದು.

ಗಡಿಯನ್ನು ಹಿಗ್ಗಿಸುವ ತಿದ್ದುಪಡಿ ಮಸೂದೆಗೆ ಲೋಕಸಭೆ ಒಪ್ಪಿಗೆ ಕೊಟ್ಟಿದ್ದು 2020ರ ಮಾರ್ಚ್ 17ರಂದು, ಲಾಕ್‌ಡೌನ್‌ಗೆ ಬರೀ ಎಂಟು ದಿನ ಮೊದಲು. ಅದು ಜಾರಿಗೆ ಬಂದಿದ್ದು 2021ರ ಸೆಪ್ಟೆಂಬರ್ 24ಕ್ಕೆ.