ಗುರಿ ಮೀರಿದವರ ಲೆಕ್ಕವನ್ನೂ ನೋಡಿ

ಆಂತರಿಕ ಲೆಕ್ಕಪರಿಶೋಧನೆಗೆ ಹೋದಾಗ ಕಂಪನಿಯವರು ಮೊದಲು ಮುಂದಿಡುವುದು ಗುರಿ ತಪ್ಪಿದ ಶಾಖೆಗಳ ಪಟ್ಟಿ. ಗುರಿಯನ್ನು ತೀರಾ ಮೀರಿದ ಶಾಖೆಗಳ ಪಟ್ಟಿಯನ್ನೂ ನಾನು ಕೇಳಿ ಪಡೆಯುತ್ತೇನೆ. ಈ ಅಭ್ಯಾಸ ಬಂದದ್ದು ಕೌಟಿಲ್ಯನ ಅರ್ಥಶಾಸ್ತ್ರದಿಂದ. ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂದ ತಾಳೆಗರಿ ಪ್ರತಿಯನ್ನು ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚು ಹಾಕಿಸಿ ನಮ್ಮ ಕೈಗಿತ್ತ ಗ್ರಂಥ.

ಆದಾಯ ಕುಗ್ಗಿಸುವ ಅಧಿಕಾರಿ ರಾಜನ ಹಣ ತಿನ್ನುತ್ತಾನೆ, ಅದನ್ನು ದುಪ್ಪಟ್ಟು ಮಾಡುವವನು ನಾಡನ್ನೇ ತಿನ್ನುತ್ತಾನೆ ಎನ್ನುತ್ತದೆ ಅದರ ಎರಡನೇ ಅಧಿಕರಣ. ಮೊದಲ ಮಾತನ್ನು ಯಾವ ಮಾಲೀಕರಿಗೂ ಬಿಡಿಸಿ ಹೇಳಬೇಕಿಲ್ಲ. ಎರಡನೆಯದನ್ನು ಮಾತ್ರ ಪುಸ್ತಕ ತೆರೆದು ತೋರಿಸಬೇಕಾಗುತ್ತದೆ.

ಗುರಿ ಮೀರಿದ ಶಾಖೆಯವರು ಮಾರ್ಚ್ ಕೊನೆಯ ವಾರದಲ್ಲಿ ಡೀಲರು ಕೇಳದ ಸರಕನ್ನೂ ಅವರ ಗೋಡೌನಿಗೆ ತುಂಬಿ ಬಿಲ್ ಹಾಕಿರುತ್ತಾರೆ. ಏಪ್ರಿಲ್ ಹೊತ್ತಿಗೆ ಅದೇ ಸರಕು ವಾಪಸ್ಸು, ಜೊತೆಗೆ ಬಿಲ್ಲಿನ ಮೊತ್ತ ಕಳೆಯುವ ಒಂದು ಕ್ರೆಡಿಟ್ ನೋಟು. ಕಾಗದದ ಮೇಲೆ ಗುರಿ ಮುಟ್ಟಿತು. ಡೀಲರ ದುಡ್ಡು ಸಿಕ್ಕಿಹಾಕಿಕೊಂಡಿತು. ಎರಡು ವರ್ಷ ಹೀಗಾದರೆ ಅವರು ಬೇರೆ ಕಂಪನಿಯ ಬೋರ್ಡು ಹಾಕಿಕೊಳ್ಳುತ್ತಾರೆ. ನಾಡನ್ನು ತಿನ್ನುವುದೆಂದರೆ ವ್ಯಾಪಾರದಲ್ಲಿ ಇದೇ.

ಕೌಟಿಲ್ಯ ಹಣ ಲಪಟಾಯಿಸುವ 40 ಬಗೆಗಳನ್ನು ಹೆಸರಿಸುತ್ತಾನೆ. ಮೊದಲೆರಡೂ ತಾರೀಖಿನ ಆಟ: ಮೊದಲು ಬಂದದ್ದನ್ನು ಆಮೇಲೆ ಬರೆಯುವುದು, ಆಮೇಲೆ ಬರುವುದನ್ನು ಮೊದಲೇ ಬರೆಯುವುದು. ಆದ್ದರಿಂದಲೇ ಮಾರ್ಚ್ ತಿಂಗಳ ಬಿಲ್ಲುಗಳನ್ನು ಲಾರಿ ರಸೀದಿ, ಇ-ವೇ ಬಿಲ್ (ಸರಕು ಸಾಗಣೆಯ ಆನ್‌ಲೈನ್ ದಾಖಲೆ), ಏಪ್ರಿಲ್ ತಿಂಗಳ ಕ್ರೆಡಿಟ್ ನೋಟುಗಳ ಪಕ್ಕದಲ್ಲಿಟ್ಟು ತಾಳೆ ನೋಡದೆ ನಾನು ವರದಿಗೆ ಸಹಿ ಹಾಕುವುದಿಲ್ಲ.

ಆಷಾಢದಲ್ಲಿ ವರ್ಷದ ಲೆಕ್ಕ ಒಪ್ಪಿಸಲು ಅಧಿಕಾರಿಗಳು ಮುದ್ರೆ ಹಾಕಿದ ಪುಸ್ತಕ ಮತ್ತು ಉಳಿಕೆಯೊಂದಿಗೆ ಬರಬೇಕು, ಬಂದವರು ತಮ್ಮತಮ್ಮಲ್ಲಿ ಮಾತಾಡಕೂಡದು ಎಂಬ ನಿಯಮವೂ ಅಲ್ಲಿದೆ. ಎಷ್ಟು ಸರಳ, ಎಷ್ಟು ಗಟ್ಟಿ! ಡೀಲರಿಂದ ಬಾಕಿ ದೃಢೀಕರಣ ಪತ್ರ ತರಿಸುವಾಗ ನಾನೂ ಇದನ್ನೇ ಪಾಲಿಸುತ್ತೇನೆ. ಪತ್ರ ನಮ್ಮಿಂದ ನೇರ ಹೋಗುತ್ತದೆ, ಉತ್ತರ ನೇರ ನಮಗೇ ಬರುತ್ತದೆ. ನಡುವೆ ಮಾರಾಟ ವಿಭಾಗದವರ ಕೈ ಸೋಕಬಾರದು.

ಅರ್ಥಶಾಸ್ತ್ರದ ಗೂಢಚಾರರ ಜಾಲವನ್ನು ಆಫೀಸಿಗೆ ತರಲು ಹೊರಡುವವರೂ ಇದ್ದಾರೆ; ಅದು ಬೇಡ. ಒಬ್ಬರನ್ನೊಬ್ಬರು ಕಾಯುತ್ತ ಕೂತವರಿಂದ ಕೆಲಸವಾಗುವುದಿಲ್ಲ. ಬೋನಸ್ಸಿನ ನಿಯಮ ತಿದ್ದಿದರೆ ಅರ್ಧ ತೊಂದರೆ ಕಳೆಯುತ್ತದೆ. ಗುರಿ ಮೀರಿದ ಭಾಗಕ್ಕೆ ಸಲ್ಲುವ ಬೋನಸ್ಸನ್ನು ಜೂನ್‌ವರೆಗೆ ತಡೆದಿಡಿ. ವಾಪಸ್ಸು ಬಂದ ಸರಕನ್ನು ಕಳೆದು, ಡೀಲರು ದುಡ್ಡು ಕಟ್ಟಿದ್ದನ್ನು ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ನೋಡಿ, ಆಮೇಲೆ ಕೊಡಿ.