ಪದ ಪರಿಚಯ: ‘ರಿಪ್ರೊ’ ಎಂದರೆ ಪಡಿಯಚ್ಚು, ನಕಲಿಯಲ್ಲ

ಅಮೆರಿಕದ ಹಳೆಯ ಮಸಲ್ ಕಾರುಗಳಿಗೆ ಮರುಜೀವ ಕೊಡುವವರ ಮಾತಿನಲ್ಲಿ ‘ರಿಪ್ರೊ’ ಎಂಬ ಪದ ಹೆಜ್ಜೆಹೆಜ್ಜೆಗೂ ಬರುತ್ತದೆ. ಇದು ‘ರಿಪ್ರೊಡಕ್ಷನ್’ ಎಂಬುದರ ಮೊಟಕು ರೂಪ. ಕಂಪನಿ ತಯಾರಿಕೆ ನಿಲ್ಲಿಸಿದ ಬಿಡಿಭಾಗವನ್ನು ಬೇರೊಬ್ಬರು ಮೂಲದ ಅಳತೆಗೂ ರೂಪಕ್ಕೂ ಹೊಂದುವಂತೆ ಹೊಸದಾಗಿ ಮಾಡಿದರೆ ಅದು ರಿಪ್ರೊ. ಇದನ್ನು ‘ನಕಲಿ ಭಾಗ’ ಎಂದು ಕರೆಯುವುದನ್ನು ನಾನು ಒಪ್ಪುವುದಿಲ್ಲ. ನಮ್ಮಲ್ಲಿ ಇದಕ್ಕೆ ಅಳತೆ ತೆಗೆದು ಹೊಲಿದಂತಹ ಪದವೇ ಇದೆ: ಪಡಿಯಚ್ಚು. ‘ಮಗ ಅಪ್ಪನ ಪಡಿಯಚ್ಚು’ ಎನ್ನುವಾಗ ಅದರಲ್ಲಿ ಮೋಸದ ಸೋಂಕಿಲ್ಲ. ಅಲ್ಲದೆ ಈ ಕೆಲಸದ ಜೀವಾಳವಾದ ಅಚ್ಚು ಆ ಪದದೊಳಗೇ ಕುಳಿತಿದೆ.

ಮಧ್ಯಮ ಗಾತ್ರದ ಕಾರಿಗೆ ದೊಡ್ಡ ಎಂಜಿನ್ ಕೂರಿಸಿದರೆ ಮಸಲ್ ಕಾರು. 1964ರ ಪಾಂಟಿಯಾಕ್ ಜಿಟಿಒ ಈ ಅಲೆಗೆ ಚಾಲನೆ ಕೊಟ್ಟಿತು ಎಂಬುದು ಸಾಮಾನ್ಯ ನಂಬಿಕೆ. ಒಂದು ದಶಕದೊಳಗೆ ಹೊಗೆ ನಿಯಮ, ವಿಮೆಯ ಹೊರೆ, 1973ರ ತೈಲ ಬಿಕ್ಕಟ್ಟು ಸೇರಿ ಆ ಅಲೆಯನ್ನು ಇಳಿಸಿಬಿಟ್ಟವು. ಮುಂದೆ ಪ್ಲಿಮತ್ ಬ್ರಾಂಡ್ 2001ರಲ್ಲಿ, ಪಾಂಟಿಯಾಕ್ ಬ್ರಾಂಡ್ 2010ರಲ್ಲಿ ಬಾಗಿಲು ಹಾಕಿದವು. ಕಾರುಗಳೇನೋ ಗ್ಯಾರೇಜುಗಳಲ್ಲಿ ಉಳಿದವು, ಅವುಗಳಿಗೆ ಗ್ರಿಲ್ (ಮುಂಭಾಗದ ಜಾಲರಿ) ಮಾಡಿಕೊಡುವವರು ಉಳಿಯಲಿಲ್ಲ.

ಯಾವ ಭಾಗ ಸಿಗುತ್ತದೆ, ಯಾವುದು ಸಿಗುವುದಿಲ್ಲ ಎಂಬುದನ್ನು ತೀರ್ಮಾನಿಸುವುದು ಅಚ್ಚಿನ ಖರ್ಚು. ಫೋರ್ಡ್ ಮಸ್ಟಾಂಗ್ ಮೊದಲ ವರ್ಷವೇ 4 ಲಕ್ಷಕ್ಕೂ ಹೆಚ್ಚು ಮಾರಾಟವಾಗಿತ್ತು. ಹಾಗಾಗಿ ಅದಕ್ಕೆ ಇಂದು ಇಡೀ ಹೊರಕವಚವೇ ಹೊಸದಾಗಿ ಸಿಗುತ್ತದೆ. 1970ರ ಪ್ಲಿಮತ್ ಸೂಪರ್‌ಬರ್ಡ್ ತಯಾರಾದದ್ದು ಸುಮಾರು 2,000 ಮಾತ್ರ. ಅದರ ಚೂಪು ಮೂತಿ ಮೂಲದಲ್ಲಿ ಉಕ್ಕಿನದು. ಪಡಿಯಚ್ಚನ್ನು ಫೈಬರ್ ಗ್ಲಾಸಿನಲ್ಲಿ ಮಾಡುವುದೂ ಉಂಟು, ಏಕೆಂದರೆ ಉಕ್ಕನ್ನು ಒತ್ತುವ ಅಚ್ಚಿಗಿಂತ ಫೈಬರ್ ಗ್ಲಾಸಿನ ಅಚ್ಚು ಬಹಳ ಅಗ್ಗ.

ಎರಕದ ಭಾಗಗಳ ಕಥೆ ಇನ್ನೂ ಸೂಕ್ಷ್ಮ. ಹಳೆಯ ಅಲ್ಯೂಮಿನಿಯಂ ಮ್ಯಾನಿಫೋಲ್ಡ್ (ಎಂಜಿನ್ನಿಗೆ ಗಾಳಿ ಹಂಚುವ ಕವಲು ಕೊಳವೆ) ಒಂದನ್ನೇ ಮರಳಿನಲ್ಲಿ ಒತ್ತಿ, ಆ ಪೊಳ್ಳಿನಲ್ಲಿ ಕರಗಿದ ಲೋಹ ಹೊಯ್ದರೆ ಸಾಲದೇ ಎಂದು ಯಾರಿಗಾದರೂ ಅನ್ನಿಸಬಹುದು. ಸಾಲದು. ಅಲ್ಯೂಮಿನಿಯಂ ಗಟ್ಟಿಯಾಗಿ ತಣಿಯುವಾಗ ಸುಮಾರು 1.3 ಶೇಕಡಾ ಕುಗ್ಗುತ್ತದೆ. 300 ಮಿಲಿಮೀಟರ್ ಉದ್ದದ ಭಾಗ ಹೆಚ್ಚುಕಡಿಮೆ 4 ಮಿಲಿಮೀಟರ್ ಗಿಡ್ಡವಾಗಿ ಹೊರಬರುತ್ತದೆ. ಬೋಲ್ಟು ತನ್ನ ತೂತನ್ನು ಕಾಣುವುದಿಲ್ಲ. ಅದಕ್ಕಾಗಿ ಮರಳಿನಲ್ಲಿ ಒತ್ತುವ ಮಾದರಿಯನ್ನು ಮೊದಲೇ ಅಷ್ಟು ದೊಡ್ಡದಾಗಿ ಮಾಡಬೇಕು, ಆಮೇಲೆ ಉಜ್ಜಿ ನಯಮಾಡುವ ಮೈಗೆ ಇನ್ನಷ್ಟು ದಪ್ಪ ಬಿಡಬೇಕು. ಹಿಂದಿನ ಮಾದರಿಗಾರರ ಕೈಯಲ್ಲಿ ಇದಕ್ಕೆಂದೇ ಒಂದು ಅಳತೆಪಟ್ಟಿ ಇರುತ್ತಿತ್ತು. ಅದರ ಪ್ರತಿ ಇಂಚೂ ನಿಜವಾದ ಇಂಚಿಗಿಂತ ಕೂದಲೆಳೆಯಷ್ಟು ಉದ್ದ! ಇಂದು ಲೇಸರ್ ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಹಿಗ್ಗಿಸುತ್ತಾರೆ. ಆದರೆ 50 ವರ್ಷ ಬಿಸಿಲು ಬೆಂಕಿ ಕಂಡು ಸೊಟ್ಟಗಾದ ಭಾಗವನ್ನು ಸ್ಕ್ಯಾನ್ ಮಾಡಿದರೆ ಸೊಟ್ಟವೂ ಅಷ್ಟೇ ನಿಖರವಾಗಿ ದಾಖಲಾಗುತ್ತದೆ. ಯಾವುದು ವಿನ್ಯಾಸ, ಯಾವುದು ಸವೆತ ಎಂದು ಬೇರ್ಪಡಿಸಲು ಪಳಗಿದ ಕಣ್ಣೇ ಬೇಕು. ಒಳ್ಳೆಯ ರಿಪ್ರೊಗೆ ನಾನು ಬೆಲೆ ಕೊಡುವುದು ಈ ಕಣ್ಣಿಗಾಗಿ.

ಇದರ ಜೊತೆ ಗೊಂದಲವಾಗುವ ಇನ್ನೊಂದು ಪದ ‘ಎನ್‌ಒಎಸ್’, ಅಂದರೆ ನ್ಯೂ ಓಲ್ಡ್ ಸ್ಟಾಕ್. ಕಂಪನಿಯೇ ಅಂದು ತಯಾರಿಸಿ, ಮಾರಾಟವಾಗದೆ ಪೆಟ್ಟಿಗೆಯಲ್ಲೇ ಉಳಿದ ಭಾಗವಿದು. ವಯಸ್ಸಿನಲ್ಲಿ ಹಳೆಯದು, ಬಳಕೆಯಲ್ಲಿ ಹೊಸದು. ಹಾಗೆಂದು ಎನ್‌ಒಎಸ್ ಯಾವಾಗಲೂ ಮೇಲು ಎನ್ನಲಾಗದು. ಅರ್ಧ ಶತಮಾನ ಪೆಟ್ಟಿಗೆಯಲ್ಲಿದ್ದ ರಬ್ಬರು ಬಿರುಕು ಬಿಟ್ಟಿರುತ್ತದೆ. ಅಂಥಲ್ಲಿ ರಿಪ್ರೊ ಸುರಕ್ಷಿತ.

ಹಾಗಾದರೆ ನಕಲಿ ಯಾವುದು? ಷೆವ್ರೊಲೆಯ ಎರಕದ ಭಾಗಗಳ ಮೇಲೆ ‘ಸಿ 14 9’ ಎಂಬಂತಹ ಗುರುತು ಉಬ್ಬಿಕೊಂಡಿರುತ್ತದೆ. ‘ಎ’ ಜನವರಿಯಾದರೆ ‘ಸಿ’ ಮಾರ್ಚ್, ಮುಂದೆ ತಾರೀಖು, ಕೊನೆಯಲ್ಲಿ ವರ್ಷದ ಕೊನೆಯ ಅಂಕಿ. 1969ರ ಷೆವ್ರೊಲೆ ಕಮಾರೋ ಕಾರಿನಲ್ಲಿ ಅದು 1969ರ ಮಾರ್ಚ್ 14. ಕಾರು ಜೋಡಣೆಯಾದ ದಿನಕ್ಕೂ ಈ ತಾರೀಖಿಗೂ ತಾಳೆಯಾದರೆ ಬೆಲೆ ಏರುತ್ತದೆ. ಹೊಸ ಎರಕದ ಮೇಲೆ ಹಳೆಯ ತಾರೀಖನ್ನು ಮೂಡಿಸಿ, ಮೂಲದ್ದೇ ಎಂದು ಮಾರಿದರೆ ಅದು ನಕಲಿ. ಅದೇ ಎರಕವನ್ನು ‘ರಿಪ್ರೊ’ ಎಂದು ಹೇಳಿ ಕೊಟ್ಟರೆ ಪಡಿಯಚ್ಚು. ಜನರಲ್ ಮೋಟರ್ಸ್‌ನ ಆ ಕಾಲದ ಕಾರುಗಳ ಹಿಂದೀಪದ ಹೊದಿಕೆಯ ಮೇಲೆ ‘ಗೈಡ್’ ಎಂಬ ಪುಟ್ಟ ಅಕ್ಷರಗಳಿರುತ್ತವೆ. ಅದು ಆ ಕಂಪನಿಯ ದೀಪ ವಿಭಾಗದ ಹೆಸರಾಗಿತ್ತು. ಪರವಾನಗಿ ಇಲ್ಲದ ಪ್ರಾಮಾಣಿಕ ತಯಾರಕ ಕೆಂಪು ಬಣ್ಣ, ಗೀರು, ಬಾಗು ಎಲ್ಲವನ್ನೂ ಹಾಗೆಯೇ ತಂದು, ಆ ಅಕ್ಷರಗಳ ಜಾಗವನ್ನು ಮಾತ್ರ ಖಾಲಿ ಬಿಡುತ್ತಾನೆ.